ಕಾರಣ ಬರೆಯದ ಡಾಕ್ಟರು

"ಇಲ್ಲಿ ಗರಗಸ ಅನ್ನೋರು ಯಾರು?"

ನೆಲಮಾಳಿಗೆಯ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಂತು ಐಸಿಯು ಡಾಕ್ಟರು ಹೀಗೆ ಗುಡುಗಿದಾಗ ಅವಳು ಊಟದ ಡಬ್ಬಿ ತೆರೆದು ಮೊದಲ ತುತ್ತು ಬಾಯಿಗಿಟ್ಟಿದ್ದಳಷ್ಟೆ. ಆಸ್ಪತ್ರೆಯ ಡಾಕ್ಟರುಗಳೆಲ್ಲ ಸೇರಿ ತನಗೆ ಗರಗಸ ಅಂತ ಹೆಸರಿಟ್ಟಿರುವುದು ಅವಳಿಗೆ ಗೊತ್ತಿತ್ತು. ಮುಖಕ್ಕೆ ಮುಖ ಕೊಟ್ಟು ಹಾಗೆ ಕರೆಯುವ ಧೈರ್ಯ ಮಾತ್ರ ಇದುವರೆಗೆ ಯಾರಿಗೂ ಬಂದಿರಲಿಲ್ಲ.

ಅವಳು ತುತ್ತು ನುಂಗಿದಳು. ನೀರು ಕುಡಿದಳು. ಆಮೇಲೆ ತಲೆಯೆತ್ತಿದಳು.

"ನಾನೇ. ನೀವು ದೂರ್ವಾಸರಲ್ವಾ?"

"ಏನಂದ್ರಿ?"

"ನಿಮಗೂ ಒಂದು ಹೆಸರಿದೆ ಡಾಕ್ಟ್ರೇ. ಈ ಕೆಳಗಿನ ಮಹಡಿಲಿ ಎಲ್ಲರಿಗೂ ಗೊತ್ತು."

ಪಕ್ಕದ ಟೇಬಲ್ಲಿನ ಚಿಕ್ಕಪ್ಪ ಕೆಮ್ಮಿದಂತೆ ಮಾಡಿ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡರು. ಅವರು ಯಾರಿಗೂ ಸ್ವಂತ ಚಿಕ್ಕಪ್ಪನಲ್ಲ, ಆದರೆ ಇಡೀ ಆಸ್ಪತ್ರೆಗೇ ಚಿಕ್ಕಪ್ಪ. ಜಗಳವೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ.

ಡಾಕ್ಟರು ಒಂದು ಕಂತೆ ಕಾಗದ ತಂದು ಅವಳ ಟೇಬಲ್ ಮೇಲೆ ಕುಕ್ಕಿದರು. ಎಲ್ಲವೂ ಅವಳೇ ಮೇಲಕ್ಕೆ ಕಳಿಸಿದ ಪ್ರಶ್ನೆಗಳು.

"ಒಂದು ವಾರಕ್ಕೆ ಇಷ್ಟು! ನಾನು ರೋಗಿಗಳನ್ನ ನೋಡ್ಲಾ, ನಿಮ್ಮ ಪ್ರಶ್ನೆಪತ್ರಿಕೆಗೆ ಉತ್ತರ ಬರೀತಾ ಕೂರ್ಲಾ?"

"ಒಂದೇ ಸಲಕ್ಕೆ ನೆಟ್ಟಗೆ ಬರೆದಿದ್ರೆ ನಾನ್ಯಾಕೆ ಕೇಳ್ತಿದ್ದೆ?" ಅವಳು ಮೇಲಿನ ಹಾಳೆ ಎತ್ತಿದಳು. "ನೋಡಿ, 'ರಕ್ತದಲ್ಲಿ ಸೋಂಕು' ಅಂತ ಬರೆದು ಕೈ ತೊಳ್ಕೊಂಡಿದ್ದೀರಿ. ರಕ್ತದಲ್ಲಿ ಬರೀ ಕ್ರಿಮಿ ಸಿಕ್ಕಿದ್ದಾ, ಇಲ್ಲಾ ಅದರಿಂದ ಮೈಯೆಲ್ಲ ಕೆಟ್ಟು ಸೆಪ್ಸಿಸ್ ಆಗಿತ್ತಾ? ಎರಡಕ್ಕೂ ಬೇರೆ ಬೇರೆ ಕೋಡು. ಎಲ್ಲಿಂದ ಬಂತು? ಮೂತ್ರದಿಂದ್ಲಾ, ಶ್ವಾಸಕೋಶದಿಂದ್ಲಾ, ನೀವು ಕುತ್ತಿಗೆಗೆ ಹಾಕಿದ ಲೈನಿಂದ್ಲಾ? ರೋಗಿ ಬರುವಾಗ್ಲೇ ಇತ್ತಾ, ಇಲ್ಲಿಗೆ ಬಂದ್ಮೇಲೆ ಅಂಟಿತಾ? ಒಂದೂ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಬರೆಯೋದು ನೀವು, ಬೈಸ್ಕೊಳ್ಳೋದು ನಾನಾ?"

"ಲ್ಯಾಬ್ ರಿಪೋರ್ಟ್ ಕಣ್ಮುಂದೆನೇ ಇರುತ್ತಲ್ಲ, ಓದೋಕೆ ಬರಲ್ವಾ?"

"ಚೆನ್ನಾಗಿ ಬರುತ್ತೆ. ಆದ್ರೆ ನಾನು ಊಹೆ ಮಾಡೋ ಹಾಗಿಲ್ಲ. ಡಾಕ್ಟರ್ ಬರೆಯದೆ ಒಂದು ಅಂಕೆ ಹಾಕೋ ಹಾಗಿಲ್ಲ. ಇದೇ ತಾನೆ ಅಂತ ನಿಮ್ಮ ಬಾಯಿಗೆ ಉತ್ತರ ತುರುಕೋ ಹಾಗೂ ಇಲ್ಲ. ಕೇಳೋದೊಂದೇ ನನಗಿರೋ ದಾರಿ."

"ಪ್ರತಿ ಸಲ ಲೈನಿಂದ ಬಂತಾ, ಲೈನಿಂದ ಬಂತಾ! ನಾವೇನು ರೋಗಿಗಳಿಗೆ ರೋಗ ಅಂಟಿಸೋಕೆ ಕೂತಿದ್ದೀವಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಅಂದಳು ಅವಳು, ಡಬ್ಬಿಯ ಕಡೆ ತಿರುಗುತ್ತ.

ಡಾಕ್ಟರ ಕಿವಿಗಳ ತುದಿ ಕೆಂಪಾಯಿತು. ಮುಖ ಕಲ್ಲಿನಂತಿದ್ದರೂ ಕಿವಿ ಮಾತ್ರ ಚಿಕ್ಕ ಮಕ್ಕಳದಂತೆ ಕೆಂಪಗೆ ಹೊಳೆಯುತ್ತಿತ್ತು. ಅದು ಅವಳ ಕಣ್ಣಿಗೆ ಬಿತ್ತು. ಥೂ, ಇದನ್ನೆಲ್ಲ ನಾನ್ಯಾಕೆ ಗಮನಿಸಬೇಕು ಎಂದು ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಡಾಕ್ಟರು ಬಾಗಿಲು ಬಡಿದು ಹೋದರು. ಅನ್ನ ಆರಿ ತಣ್ಣಗಾಗಿತ್ತು.

ಆಸ್ಪತ್ರೆಯಿಂದ ಮನೆಗೆ ಹೋದ ಪ್ರತಿ ರೋಗಿಯ ಫೈಲೂ ಕೊನೆಗೆ ಬಂದು ಸೇರುವುದು ಈ ರೂಮಿಗೆ. ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಒಂದೊಂದು ಕಾಯಿಲೆಗೂ ಅದರದೇ ಕೋಡ್ ಹಾಕುವುದು ಅವಳ ಕೆಲಸ. ಇಷ್ಟು ಸುಲಭದ ಕೆಲಸದಲ್ಲಿ ಜಗಳಕ್ಕೇನು ಕಾರಣ ಅನ್ನುತ್ತೀರಾ? ಇದೆ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಔಷಧಿ ಕೊಡಲು ಹಾಕುವ ಕೊಳವೆಗೆ ಐಸಿಯುನಲ್ಲಿ ಲೈನ್ ಅನ್ನುತ್ತಾರೆ. ಅದರಿಂದ ರಕ್ತಕ್ಕೆ ಸೋಂಕು ತಗುಲಿತೆಂದರೆ ಅದು ಆಸ್ಪತ್ರೆಯದೇ ತಪ್ಪು. ಅಂಥ ಕೋಡ್ ಬಿದ್ದ ತಿಂಗಳು ಸೂಪರಿಂಟೆಂಡೆಂಟ್ ಮೇಡಂ ಮೀಟಿಂಗಿನಲ್ಲಿ ಎಲ್ಲರೆದುರು ಆ ಲೈನ್ ಹಾಕಿದವರ ಹೆಸರನ್ನು ಓದುತ್ತಿದ್ದರು. ಹಾಗಾಗಿ ಯಾವ ಡಾಕ್ಟರೂ ಕಾರಣ ಬರೆಯುತ್ತಿರಲಿಲ್ಲ. ಅವಳು ಕೇಳುವುದನ್ನು ಬಿಡುತ್ತಿರಲಿಲ್ಲ. ಚಿಕ್ಕಪ್ಪನ ಟೇಬಲ್ಲಿಗೆ ಹೋದ ಫೈಲುಗಳಿಗೆ ಆ ಕಷ್ಟವಿರಲಿಲ್ಲ. "ದೊಡ್ಡವರ ಸಹವಾಸ ನಮಗ್ಯಾಕಮ್ಮಾ" ಎಂದು ಅವರು ಇದ್ದದ್ದಕ್ಕೆ ಕೋಡ್ ಹಾಕಿ ಮುಗಿಸುತ್ತಿದ್ದರು.

ಅಂದಿನಿಂದ ಶುರುವಾಯಿತು ನೋಡಿ ಹಾವು ಮುಂಗುಸಿ ಕಾಳಗ. ಅವಳು 'ಸೋಂಕಿನ ಮೂಲ ಯಾವುದು?' ಎಂದು ಕೇಳಿದರೆ 'ದೇವರಿಗೇ ಗೊತ್ತು' ಎಂದು ಉತ್ತರ ಬರುತ್ತಿತ್ತು. 'ದೇವರು ಈ ಆಸ್ಪತ್ರೆಯ ಸಿಬ್ಬಂದಿ ಅಲ್ಲ, ದಯವಿಟ್ಟು ತಾವೇ ಬರೆಯಿರಿ' ಎಂದು ಅವಳು ತಿರುಗಿಸಿ ಕಳಿಸುತ್ತಿದ್ದಳು. ಮೂರನೇ ಸಲಕ್ಕೆ ಡಾಕ್ಟರು ತಾವೇ ಇಳಿದು ಬರುತ್ತಿದ್ದರು.

ಒಮ್ಮೆ ಲಿಫ್ಟಿನಲ್ಲಿ ಇಬ್ಬರೇ ಸಿಕ್ಕಿಬಿದ್ದರು. ಅವಳು ಎದುರಿನ ಬಟನ್ನುಗಳನ್ನೇ ಪರೀಕ್ಷೆಗೆ ಓದುವವಳಂತೆ ನೋಡುತ್ತ ನಿಂತಳು.

"ಗಲ್ಲದ ಮೇಲೆ ಶಾಯಿ," ಅಂದರು ಡಾಕ್ಟರು.

"ಇರ್ಲಿ ಬಿಡಿ."

"ಇರ್ಲಿ ಅಂತಾನೇ ನಾನೂ ಹೇಳಿದ್ದು. ಚೆನ್ನಾಗಿದೆ. ದೃಷ್ಟಿಬೊಟ್ಟಿನ ಹಾಗೆ."

ಅವಳು ಥಟ್ಟನೆ ತಿರುಗಿದಳು. ಡಾಕ್ಟರು ಮೇಲೆ ಫ್ಯಾನ್ ನೋಡುತ್ತಿದ್ದರು. ಕಿವಿ ಕೆಂಪಗಿತ್ತು. ಕೋಪ ಬಂದಾಗ ಮಾತ್ರ ಹೀಗಾಗುವುದಲ್ಲ ಅಂತ ಅವಳಿಗೆ ಅಂದು ತಿಳಿಯಿತು. ರೂಮಿಗೆ ಬಂದು ಗಲ್ಲ ಉಜ್ಜಿ ಉಜ್ಜಿ ತೊಳೆದಳು. ಶಾಯಿ ಹೋಯಿತು. ಆ ಮಾತು ಹೋಗಲಿಲ್ಲ.

ನಿಜ ಹೇಳಬೇಕೆಂದರೆ, ಮೆಟ್ಟಿಲ ಮೇಲೆ ಆ ಬಿರುಸಿನ ಹೆಜ್ಜೆಯ ಸದ್ದಿಗಾಗಿ ಅವಳು ಕಾಯತೊಡಗಿದ್ದಳು. ಜಗಳವಿಲ್ಲದ ದಿನ ಬಣಬಣ ಅನ್ನಿಸುತ್ತಿತ್ತು. ಇದಕ್ಕೆ ಪ್ರೀತಿ ಅನ್ನುತ್ತಾರೆಂದು ಯಾರಾದರೂ ಹೇಳಿದ್ದರೆ ಅವರ ಮುಖಕ್ಕೆ ಫೈಲ್ ಎಸೆಯುತ್ತಿದ್ದಳು.

"ಒಂದಿನ ಮೇಲೆ ಬಂದು ನೋಡಿ," ಅಂದಿದ್ದರು ಡಾಕ್ಟರು ಒಂದು ಜಗಳದ ನಡುವೆ. "ಜೀವ ಕೈ ಜಾರ್ತಿರುವಾಗ ಹೇಗಿರುತ್ತೆ ಅಂತ. ಕೂತಲ್ಲೇ ಅಂಕೆ ಹಾಕೋರಿಗೆ ಅದು ಗೊತ್ತಾಗಲ್ಲ."

ಅವಳು ಮೇಲೆ ಹೋದಳು. ಆದರೆ ನೋಡುವುದಕ್ಕಲ್ಲ.

ಆ ಭಾನುವಾರ ಅಮ್ಮ ಬೆಳಗ್ಗೆಯಿಂದ ಗಡಗಡ ನಡುಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲಿತು. ಅಮ್ಮನ ಮಾತು ತೊದಲುವುದೆಂದರೆ ಸಾಮಾನ್ಯವಲ್ಲ. ಆಯುಸ್ಸಿನ ಅರ್ಧವನ್ನು ಬಸ್ ಕಂಡಕ್ಟರಾಗಿ ಕಳೆದ ಹೆಂಗಸು, ಒಂದು ಕೂಗು ಹಾಕಿದರೆ ಹಿಂದಿನ ಬಾಗಿಲಲ್ಲಿ ನೇತಾಡುವವರೂ ಒಳಗೆ ಬರುತ್ತಿದ್ದರಂತೆ. ಅವಳು ಆಟೋ ಹಿಡಿದು ಅಮ್ಮನನ್ನು ತನ್ನ ಆಸ್ಪತ್ರೆಗೇ ತಂದಳು. ಮೂತ್ರದ ಸೋಂಕು ರಕ್ತಕ್ಕೆ ಏರಿ ಸೆಪ್ಸಿಸ್ ಆಗಿತ್ತು. ಬಿಪಿ ಇಳಿಯುತ್ತಲೇ ಇತ್ತು.

ಐಸಿಯು ಬಾಗಿಲಲ್ಲಿ ದೂರ್ವಾಸರು ಸಿಕ್ಕರು. ಒಂದು ಕ್ಷಣ ಅವಳನ್ನೂ ಸ್ಟ್ರೆಚರನ್ನೂ ನೋಡಿದರು.

"ನಿಮ್ಮ ತಾಯಿನಾ?"

ಅವಳು ತಲೆಯಾಡಿಸಿದಳು.

"ನೀವು ಹೊರಗಿರಿ. ನಾನಿದ್ದೀನಿ."

ಗಾಜಿನ ಕಿಟಕಿಯಿಂದ ಅವಳು ನೋಡಿದಳು. ಕೈಯಲ್ಲಿ ಯಾವ ನರವೂ ಸಿಗುತ್ತಿರಲಿಲ್ಲ. ಡಾಕ್ಟರು ಕುತ್ತಿಗೆಯಲ್ಲಿ ಲೈನ್ ಹಾಕಿದರು. ಆ ಕೈಗಳಿಗೆ ಎಷ್ಟು ಅವಸರವಿತ್ತೋ ಅಷ್ಟೇ ಹಿಡಿತವಿತ್ತು. ಔಷಧಿ ಹರಿಯಿತು. ಸಂಜೆಗೆ ಬಿಪಿ ಏರಿತು. ಅಮ್ಮ ಕಣ್ಣು ಬಿಡದೆ ಜ್ವರದಲ್ಲಿ ಕನವರಿಸತೊಡಗಿದರು.

"ಟಿಕೆಟ್... ಯಾರ್ರೀ ಅಲ್ಲಿ ಟಿಕೆಟ್ ತಗೊಂಡಿಲ್ಲ..."

"ನಂದು ಪಾಸಿದೆ ಅಮ್ಮಾ," ಅಂದರು ಡಾಕ್ಟರು ಅವರ ಕಿವಿಯ ಹತ್ತಿರ ಬಾಗಿ, ಬಹಳ ವಿನಯದಿಂದ.

ಅಮ್ಮ ಸಮಾಧಾನವಾಗಿ ಮಲಗಿದರು. ಬಾಗಿಲ ಬಳಿ ನಿಂತಿದ್ದ ಅವಳು ಗೋಡೆಗೆ ಒರಗಿ ಅತ್ತುಬಿಟ್ಟಳು.

ಮೂರ್ನಾಲ್ಕು ದಿನದಲ್ಲಿ ಅಮ್ಮ ಎದ್ದು ಕೂತು ಸಿಸ್ಟರುಗಳಿಗೆ ಹುಕುಂ ಮಾಡುವಷ್ಟಾದರು. ಅವಳು ಕಾರಿಡಾರಿನ ಕಾಫಿ ಮಶಿನ್ ಹತ್ತಿರ ಡಾಕ್ಟರನ್ನು ಹಿಡಿದು "ಥ್ಯಾಂಕ್ಸ್" ಅಂದಳು. ಹಲ್ಲು ಕೀಳಿಸಿಕೊಂಡವರ ಹಾಗೆ ಇತ್ತು ಅವಳ ಮುಖ.

"ಅಯ್ಯೋ, ಇಷ್ಟು ಕಷ್ಟಪಟ್ಟು ಹೇಳ್ಬೇಡಿ. ನೋವಾಗುತ್ತೆ," ಅಂದರು ಡಾಕ್ಟರು. "ಕೋಡ್ ಹಾಕೋಕೆ ಬೇಕಾದ್ದೆಲ್ಲ ಈ ಸಲ ಬರ್ದಿದ್ದೀನಿ. ಮೂಲ, ಕ್ರಿಮಿ, ಬರುವಾಗ್ಲೇ ಇತ್ತು ಅಂತ, ಎಲ್ಲಾ. ತಪ್ಪು ಹುಡುಕಿ ನೋಡೋಣ."

"ಅಮ್ಮನ ಫೈಲ್ ನಾನು ಮುಟ್ಟೋ ಹಾಗಿಲ್ಲ. ಸ್ವಂತದವರದ್ದು ಚಿಕ್ಕಪ್ಪನ ಟೇಬಲ್‌ಗೆ ಹೋಗುತ್ತೆ. ಅವರು ಪಾಪ ಯಾರನ್ನೂ ಏನೂ ಕೇಳಲ್ಲ."

"ಛೇ. ಮೊದಲೇ ಗೊತ್ತಿದ್ರೆ ಇಷ್ಟು ನೀಟಾಗಿ ಬರೀತಾನೇ ಇರ್ಲಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರೂ ನಕ್ಕರು. ನಕ್ಕಾಗ ಆ ಮುಖ ಬೇರೆ ಯಾರದೋ ಆಗಿತ್ತು, ದೂರ್ವಾಸರದಂತೂ ಅಲ್ಲ. ಒಂದೇ ಕಪ್ಪಿನ ಕಾಫಿ ಆರುವವರೆಗೂ ಇಬ್ಬರೂ ಅಲ್ಲೇ ನಿಂತರು. ಏನು ಮಾತಾಡಿದರೆಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ.

ಮಾರನೇ ಬೆಳಗ್ಗೆ ಅಮ್ಮನನ್ನು ವಾರ್ಡಿಗೆ ಕಳಿಸಬೇಕಿತ್ತು. ಬಟ್ಟೆ ಮಡಿಸುತ್ತಿದ್ದ ಅವಳ ಕೈಯನ್ನು ಅಮ್ಮ ಹಿಡಿದರು. ಆ ಕೈ ಬೆಂಕಿಯಂತೆ ಸುಡುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಮತ್ತೆ ನಡುಕ, ಮತ್ತೆ ಇಳಿಯುತ್ತಿರುವ ಬಿಪಿ. ಲೈನಿಂದಲೂ ರಕ್ತ ತೆಗೆದರು, ತೋಳಿಂದಲೂ ತೆಗೆದರು. ರಿಪೋರ್ಟ್ ಬಂದ ಮೇಲೆ ಡಾಕ್ಟರು ಅವಳನ್ನು ಕಾರಿಡಾರಿಗೆ ಕರೆದರು. ನೇರವಾಗಿ ಅವಳ ಕಣ್ಣನ್ನೇ ನೋಡಿದರು.

"ಇದು ಮೊದಲಿನ ಸೋಂಕಲ್ಲ. ಕ್ರಿಮಿನೇ ಬೇರೆ. ನಾನು ಹಾಕಿದ ಲೈನಿಂದ ಬಂದಿದ್ದು."

ಅವಳು ಗಾಜಿನಾಚೆ ಮಲಗಿದ್ದ ಅಮ್ಮನ ಕಡೆ ನೋಡಿದಳು.

"ಆವತ್ತು ಮೈಯೆಲ್ಲ ಮುಚ್ಚೋ ಶುದ್ಧ ಬಟ್ಟೆ ಹಾಸೋಷ್ಟು ಟೈಮ್ ಇರ್ಲಿಲ್ಲ. ಹಾಗೆ ಅವಸರದಲ್ಲಿ ಹಾಕಿದ ಲೈನನ್ನ ರೋಗಿ ಸ್ವಲ್ಪ ಸುಧಾರಿಸಿದ ಕೂಡಲೇ ತೆಗೆದು ಹೊಸದು ಹಾಕ್ಬೇಕು. ನಾನು ತೆಗೀಲಿಲ್ಲ."

"ಯಾಕೆ?"

"ಮರೆತೆ."

"ಮರೆತ್ರಾ?"

"ಹೌದು. ಬೇರೆ ಕಾರಣ ಇಲ್ಲ. ಈಗ ತೆಗೆದಿದ್ದೀನಿ, ಔಷಧಿ ಬದಲಾಯಿಸಿದ್ದೀನಿ. ಆದ್ರೆ ಮೊದಲೇ ಸೋತ ಮೈ. ಏನು ಬೇಕಾದ್ರೂ ಆಗ್ಬಹುದು."

ಕಾಫಿ ಕುಡಿಯುತ್ತ ನಿಂತಿದ್ದೆವಲ್ಲ ಎಂದು ಅವಳಿಗೆ ನೆನಪಾಯಿತು. ಒಳಗೆ ಅಮ್ಮನ ಕುತ್ತಿಗೆಯಲ್ಲಿ ಅದು ಹಾಗೇ ಇತ್ತು, ಹೊರಗೆ ನಾವಿಬ್ಬರೂ ಹಲ್ಲು ಕಿರಿಯುತ್ತ ನಿಂತಿದ್ದೆವು.

"ನನ್ನ ಕಣ್ಣೆದುರಿಗೆ ನಿಲ್ಲಬೇಡಿ," ಅಂದಳು. "ಅಮ್ಮನಿಗೆ ಏನಾದ್ರೂ ಆದ್ರೆ ನಾನು ನಿಮ್ಮನ್ನ ಬದುಕೋಕೆ ಬಿಡಲ್ಲ."

"ಸರಿ," ಅಂದರು ಡಾಕ್ಟರು.

ಮುಂದಿನ ದಿನಗಳು ಅವಳಿಗೆ ಒಂದಕ್ಕೊಂದು ಅಂಟಿಕೊಂಡಂತೆ ಕಳೆದವು. ಡಾಕ್ಟರು ಮನೆಗೆ ಹೋದದ್ದನ್ನು ಅವಳು ಕಾಣಲಿಲ್ಲ. ಅವರು ಅಮ್ಮನ ಮಂಚದ ಬಳಿಗೆ ಬಂದರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ಅವರು ಹೊರಟ ಮೇಲೆ ಒಳಗೆ ಬರುತ್ತಿದ್ದಳು. ಎದುರಾದರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಮಾತಾಡಿಸಲು ಪ್ರಯತ್ನಿಸಲಿಲ್ಲ, ಅದೂ ಅವಳಿಗೆ ಸಿಟ್ಟು ತರಿಸಿತು. ಅಂತೂ ಜ್ವರ ಬಿಟ್ಟಿತು. ಅಮ್ಮ ಬದುಕಿದರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ನಾಲ್ಕು ಹೆಜ್ಜೆಗೆ ಏದುಸಿರು, ಆ ಬಸ್ಸು ನಿಲ್ಲಿಸುವ ಗಂಟಲು ಪಿಸುಮಾತಿಗೆ ಇಳಿದಿತ್ತು. ಆದರೂ ಬದುಕಿದರು.

ಅವಳು ಮತ್ತೆ ಕೆಲಸಕ್ಕೆ ಬಂದ ದಿನ ಚಿಕ್ಕಪ್ಪ ಮುಖ ಬಾಡಿಸಿಕೊಂಡು ಕೂತಿದ್ದರು.

"ನಿಮ್ಮಮ್ಮನ ಫೈಲ್ ನನ್ನ ಹತ್ರ ಬಂತು ಕಣಮ್ಮಾ. ಈ ಕುರ್ಚಿಯಲ್ಲಿ ಕೂತು ನನ್ನ ಕೂದಲು ಬೆಳ್ಳಗಾಯ್ತು. ಲೈನಿಂದಲೇ ಬಂತು, ನಾನು ಹಾಕಿದ ಲೈನು, ತೆಗೀಬೇಕಿತ್ತು ತೆಗೀಲಿಲ್ಲ ಅಂತ ಒಬ್ಬ ಡಾಕ್ಟರು ತಾನಾಗೇ ಬರೆದದ್ದು ಇದೇ ಮೊದಲು ನೋಡಿದ್ದು. ನಾನು ಕೇಳೋದೇ ಬೇಕಾಗ್ಲಿಲ್ಲ."

ಅವಳ ಕೈಯಲ್ಲಿದ್ದ ಬ್ಯಾಗು ಹಾಗೇ ನಿಂತಿತು.

"ಸೂಪರಿಂಟೆಂಡೆಂಟ್ ಮೇಡಂ ವಿಚಾರಣೆ ಇಟ್ಟಿದ್ದಾರೆ. ಅವರ ಕೆಲಸ ಪರ್ಮನೆಂಟ್ ಆಗೋದು ಇದೇ ತಿಂಗಳಿತ್ತು ಪಾಪ. ರೋಗಿ ಕಡೆಯವರು ಅಂತ ನಿನ್ನನ್ನೂ ಕರೀತಾರೆ. ನೀನೊಂದು ದೂರು ಕೊಟ್ರೆ ಆಯ್ತು, ಅವರ ಕತೆ ಮುಗೀತು."

ಅವಳು ಬ್ಯಾಗನ್ನು ಅಲ್ಲೇ ಬಿಟ್ಟು ಮೆಟ್ಟಿಲೇರಿದಳು. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲ. ಡಾಕ್ಟರು ಕೈ ತೊಳೆಯುವ ಬೇಸಿನ್ ಮುಂದೆ ನಿಂತಿದ್ದರು.

"ಯಾಕೆ ಬರೆದ್ರಿ?"

ಡಾಕ್ಟರು ತಿರುಗಿ ನೋಡಿದರು. ಕಣ್ಣ ಕೆಳಗೆ ಕಪ್ಪಗಾಗಿತ್ತು. "ಕಾರಣ ಬರೀರಿ, ಕಾರಣ ಬರೀರಿ ಅಂತ ಪ್ರಾಣ ತಿಂದವರು ನೀವೇ. ಈಗ ಯಾಕೆ ಬರೆದ್ರಿ ಅಂತ ಕೇಳೋರೂ ನೀವೇನಾ?"

"'ಮೊದಲಿನ ಸೋಂಕೇ ಮರುಕಳಿಸಿತು' ಅಂತ ಒಂದು ಸಾಲು ಗೀಚಿದ್ರೆ ಮುಗೀತಿತ್ತು! ಇಲ್ಲಿ ಎಲ್ಲರೂ ಅದೇ ತಾನೆ ಮಾಡೋದು?"

"ನೀವು ಬಿಡ್ತಿರ್ಲಿಲ್ಲ. ಪ್ರಶ್ನೆ ಕಳಿಸ್ತಿದ್ರಿ."

"ಆ ಫೈಲ್ ನನ್ನ ಹತ್ರ ಬರಲ್ಲ ಅಂತ ನಿಮಗೆ ಗೊತ್ತಿತ್ತು!"

"ಗೊತ್ತಿತ್ತು."

ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ಡಾಕ್ಟರು ಅದನ್ನು ಮೊಣಕೈಯಿಂದ ನಿಲ್ಲಿಸಿದರು.

"ಯಾರೂ ಕೇಳಲ್ಲ ಅಂತ ಗೊತ್ತಿತ್ತು, ಅದಕ್ಕೇ ಬರೆದೆ. ನೀವು ಕೇಳಿದ್ಮೇಲೆ ಬರೆದಿದ್ರೆ ನಿಮ್ಮ ಹೆದರಿಕೆಗೆ ಬರೆದ ಹಾಗೆ ಆಗ್ತಿತ್ತು. ಅಮ್ಮನ ಕುತ್ತಿಗೆಲಿ ಅದನ್ನ ಬಿಟ್ಟವನು ನಾನು. ಅಷ್ಟಾದ್ರೂ ನೆಟ್ಟಗೆ ಮಾಡ್ಬೇಡ್ವಾ?"

ಅವಳಿಗೆ ಈ ಮನುಷ್ಯನನ್ನು ಹೊಡೆಯಬೇಕೋ, ಆ ಒದ್ದೆ ಕೈಗಳನ್ನು ಹಿಡಿದು ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ.

"ದೂರು ಕೊಡಿ," ಅಂದರು ಡಾಕ್ಟರು. "ಬೇರೆ ಯಾರಾದ್ರೂ ಆಗಿದ್ರೆ ಕೊಡ್ತಿದ್ರಿ ತಾನೆ?"

"ಕೊಡ್ತಿದ್ದೆ."

"ಹಾಗಾದ್ರೆ ಕೊಡಿ. ನಿಮ್ಮ ಕರುಣೆ ನನಗೆ ಬೇಡ."

"ನನ್ನ ಹತ್ರ ಅದು ಇಲ್ಲವೇ ಇಲ್ಲ!" ಎಂದು ಕಿರುಚಿ ಅವಳು ದಡದಡ ಮೆಟ್ಟಿಲಿಳಿದಳು.

ಸಂಜೆ ಮನೆಯಲ್ಲಿ ಅಮ್ಮನಿಗೆ ಗಂಜಿ ಕುಡಿಸುತ್ತ ಎಲ್ಲವನ್ನೂ ಹೇಳಿದಳು. ಹೇಳುವುದೇನು, ಬೈದಳು. ದೂರ್ವಾಸರ ಬುದ್ಧಿಯಿಂದ ಹಿಡಿದು ನಡೆಯುವ ರೀತಿಯವರೆಗೆ ಒಂದನ್ನೂ ಬಿಡಲಿಲ್ಲ. ಅಮ್ಮ ಚಮಚವನ್ನು ತಡೆದರು.

"ಆ ಪಾಸಿನವನು ತಾನೆ?"

"ನಿನಗೆ ನೆನಪಿದ್ಯಾ?"

"ಕಂಡಕ್ಟರ್ ಕಣೇ ನಾನು. ಪ್ರಾಣ ಹೋಗ್ತಿದ್ರೂ ಪ್ಯಾಸೆಂಜರ್ ಮುಖ ಮರೆಯಲ್ಲ." ಅಮ್ಮ ಸ್ವಲ್ಪ ಉಸಿರು ತೆಗೆದುಕೊಂಡರು. "ಟಿಕೆಟ್ ಇಲ್ಲದೆ ಕೂತು ಸಿಕ್ಕಿಬಿದ್ದವರು ನನ್ನ ಸರ್ವಿಸಲ್ಲಿ ಎಷ್ಟು ಜನವೋ. ಒಬ್ಬೊಬ್ಬರದ್ದು ಒಂದೊಂದು ನಾಟಕ. ಒಬ್ಬನೇ ಒಬ್ಬ ಇಳಿಯೋ ಸ್ಟಾಪಲ್ಲಿ ತಾನಾಗೇ ಬಂದು, 'ರೀ, ನೀವು ನನ್ನನ್ನ ನೋಡ್ಲೇ ಇಲ್ಲ, ನಾನು ಟಿಕೆಟ್ ತಗೊಂಡಿಲ್ಲ' ಅಂದ."

"ಬಿಟ್ಟುಬಿಟ್ಯಾ?"

"ಬಿಡೋದಾ? ದಂಡ ಹಾಕ್ದೆ. ಸರಿಯಾಗಿ ಬೈದೆ. ಆದ್ರೆ ಬಸ್ಸಿಂದ ದಬ್ಬಲಿಲ್ಲ."

"ಆಮೇಲೆ?"

"ಆಮೇಲೇನು? ಮಾರನೇ ದಿನದಿಂದ ದಿನಾ ಅದೇ ಬಸ್ಸಿಗೆ ಬಂದ. ನಿಮ್ಮಪ್ಪ ಆದ."

ಅವಳು ಚಮಚವನ್ನು ಬಟ್ಟಲಿಗೆ ಹಾಕಿ ನೆಟ್ಟಗೆ ಕೂತಳು. ಇಷ್ಟು ವರ್ಷ ಅಪ್ಪನ ಫೋಟೋ ಒರೆಸುತ್ತ ಬಂದಿದ್ದರೂ ಈ ಕತೆಯನ್ನು ಅಮ್ಮ ಹೇಳಿರಲಿಲ್ಲ.

"ನನ್ನ ಜೀವ ನಂದು, ನಿನ್ನ ಕೋಪ ನಿಂದು," ಅಂದರು ಅಮ್ಮ. "ಅಲ್ಲಿ ಹೋಗಿ ಸುಳ್ಳು ಹೇಳ್ಬೇಡ, ಅಷ್ಟೇ. ಗಂಜಿ ಆರ್ತಿದೆ."

ವಿಚಾರಣೆಯ ರೂಮಿನಲ್ಲಿ ಸೂಪರಿಂಟೆಂಡೆಂಟ್ ಮೇಡಂ ಮಧ್ಯದಲ್ಲಿ, ಇಬ್ಬರು ಹಿರಿಯ ಡಾಕ್ಟರು ಅಕ್ಕಪಕ್ಕದಲ್ಲಿ ಕೂತಿದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ದೂರ್ವಾಸರು. ಅವಳು ಒಳಗೆ ಬಂದಾಗ ಅವರು ತಲೆಯೆತ್ತಲಿಲ್ಲ.

"ನಿಮ್ಮ ದೂರು ಏನಿದ್ರೂ ಹೇಳಬಹುದು," ಅಂದರು ಮೇಡಂ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು.

"ತಪ್ಪಾಗಿದೆ," ಅಂದಳು. "ಸಣ್ಣ ತಪ್ಪಲ್ಲ. ನಮ್ಮಮ್ಮ ಸಾಯ್ತಿದ್ರು. ಈಗ್ಲೂ ಬಚ್ಚಲಿಗೆ ಹೋಗಿ ಬಂದ್ರೆ ಗೋಡೆ ಹಿಡ್ಕೊಂಡು ನಿಲ್ತಾರೆ. ನಾನು ಕ್ಷಮಿಸಿಲ್ಲ. ಅದನ್ನ ಬರ್ಕೊಳ್ಳಿ."

ಒಬ್ಬ ಹಿರಿಯ ಡಾಕ್ಟರು ಪೆನ್ನು ತೆಗೆದರು. ಕಿಟಕಿ ಪಕ್ಕದ ತಲೆ ಇನ್ನಷ್ಟು ಬಾಗಿತು.

"ಇನ್ನೊಂದು... ಇದನ್ನೂ ಬರ್ಕೊಳ್ಳಿ. ಮೂಲ ಗೊತ್ತಿಲ್ಲ, ಮೂಲ ಗೊತ್ತಿಲ್ಲ ಅಂತ ನನ್ನ ಟೇಬಲ್‌ಗೆ ಎಷ್ಟು ಫೈಲ್ ಬರುತ್ತೆ ಗೊತ್ತಾ ಮೇಡಂ? ಎಲ್ಲಿಂದಲೂ ಬರದ ಸೋಂಕು, ಯಾರೂ ಹಾಕದ ಲೈನು! ಯಾರೂ ಬರೆಯಲ್ಲ, ಯಾಕಂದ್ರೆ ಬರೆದವರನ್ನ ಈ ಕುರ್ಚಿಯಲ್ಲಿ ಕೂರಿಸ್ತೀರಿ. ಬರೆಯದೋರು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ತಾರೆ. ಈಗ ಒಬ್ಬರು ಬರೆದಿದ್ದಾರೆ. ಇವರನ್ನ ಕಳಿಸಿಬಿಟ್ರೆ ಇನ್ಮೇಲೆ ನಾನು ಯಾರನ್ನ ಏನಂತ ಕೇಳ್ಲಿ? ಯಾವ ಮುಖ ಇಟ್ಕೊಂಡು ಕೇಳ್ಲಿ?" ಅವಳು ಮೂಗೊರೆಸಿಕೊಂಡಳು. ಹೇಳಬೇಕೆಂದಿದ್ದ ಇನ್ನೇನೋ ಕೈಕೊಟ್ಟಿತು. "ದಂಡ ಹಾಕಿ. ಎಷ್ಟು ಬೇಕಾದ್ರೂ ಹಾಕಿ. ಬಸ್ಸಿಂದ ದಬ್ಬಬೇಡಿ."

"ಯಾವ ಬಸ್ಸು?" ಅಂದರು ಮೇಡಂ.

ಅವಳು ಆಗಲೇ ಬಾಗಿಲು ದಾಟಿದ್ದಳು.

ತೀರ್ಮಾನ ಸಂಜೆಗೆ ತಿಳಿಯಿತು. ಪರ್ಮನೆಂಟ್ ಆಗುವುದು ಆರು ತಿಂಗಳು ಮುಂದಕ್ಕೆ. ಅಲ್ಲಿಯವರೆಗೆ ಹಿರಿಯರೊಬ್ಬರು ಪಕ್ಕದಲ್ಲಿಲ್ಲದೆ ದೂರ್ವಾಸರು ಯಾರಿಗೂ ಲೈನ್ ಹಾಕುವಂತಿಲ್ಲ. ಕೆಲಸ ಉಳಿದಿತ್ತು. ಮೀಟಿಂಗಿನಲ್ಲಿ ಇನ್ನು ಹೆಸರು ಓದುವುದಿಲ್ಲ ಎಂದೂ ಮೇಡಂ ಹೇಳಿದರಂತೆ. ಇದನ್ನೆಲ್ಲ ಚಿಕ್ಕಪ್ಪ ಹೇಳಿ ಮುಗಿಸುವ ಮೊದಲೇ ಮೆಟ್ಟಿಲ ಮೇಲೆ ಆ ಬಿರುಸಿನ ಹೆಜ್ಜೆ ಕೇಳಿಸಿತು. ಚಿಕ್ಕಪ್ಪ ಸದ್ದಿಲ್ಲದೆ ಎದ್ದು, ಇಲ್ಲದ ಕೆಲಸ ನೆನಪಿಸಿಕೊಂಡು ಆಚೆ ಹೋದರು.

"ಯಾರು ಕೇಳಿದ್ರು ನಿಮ್ಮನ್ನ?" ಡಾಕ್ಟರು ಬಾಗಿಲಲ್ಲೇ ಶುರುಮಾಡಿದರು. "ನನ್ನ ಪರವಾಗಿ ವಕಾಲತ್ತು ಮಾಡಿ ಅಂತ ನಾನು ಕೈಮುಗಿದಿದ್ನಾ?"

"ನಿಮ್ಮ ಪರವಾಗಿ ಯಾರ್ರೀ ಮಾತಾಡಿದ್ದು? ನನ್ನ ಕೆಲಸದ ಪರವಾಗಿ ಮಾತಾಡಿದೆ. ಕ್ಷಮಿಸಿಲ್ಲ ಅಂತ ಬರೆಸಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಅಮ್ಮ ಗೋಡೆ ಹಿಡ್ಕೊಂಡಾಗೆಲ್ಲ ನಿಮಗೆ ಶಾಪ ಹಾಕ್ತೀನಿ."

"ಹಾಕಿ. ನಾನು ಬೇರೆ ಊರಿಗೆ ಹೋಗ್ತಿದ್ದೀನಿ. ಅಲ್ಲಿಗೂ ತಟ್ಟುತ್ತೆ ಬಿಡಿ."

"ಏನಂದ್ರಿ?"

"ಇಲ್ಲಿದ್ರೆ ದಿನಾ ನಿಮ್ಮನ್ನ ನೋಡ್ಬೇಕು. ನೀವು ಮುಖ ತಿರುಗಿಸ್ಕೊಂಡು ಹೋಗೋದನ್ನ ನೋಡ್ಬೇಕು. ನನ್ನ ಕೈಲಿ ಆಗಲ್ಲ."

"ಓಹೋ, ಓಡಿ ಹೋಗ್ತಾರಂತೆ! ಅಲ್ಲಿ ನಾನು ಅಳುತ್ತಾ ಮೂಗೊರೆಸ್ಕೊಂಡು ಮಾನ ಕಳ್ಕೊಂಡಿದ್ದು ಇವರು ಓಡಿ ಹೋಗ್ಲಿ ಅಂತಾನಾ?"

ಡಾಕ್ಟರು ಅವಳ ಟೇಬಲ್ಲಿನವರೆಗೆ ಬಂದು ನಿಂತರು. ಈ ಸಲ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಕಿವಿ ಮಾತ್ರವಲ್ಲ, ಮುಖವೆಲ್ಲ ಕೆಂಪಾಗಿತ್ತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಅಂದರು. "ಇದನ್ನೂ ನೀವು ಕೇಳಿಲ್ಲ. ನಾನಾಗೇ ಹೇಳ್ತಿದ್ದೀನಿ."

ಪಕ್ಕದ ಲಾಂಡ್ರಿಯ ಮಶಿನ್ ಗಡಗಡನೆ ತಿರುಗಿ ನಿಂತಿತು. ಅವಳು ಡಾಕ್ಟರನ್ನು ನೋಡಿದಳು. ಅಮ್ಮನನ್ನು ಉಳಿಸಿದ ಕೈ ಇದೇ, ಸಾವಿನ ಬಾಗಿಲಿಗೆ ದೂಡಿದ ಕೈಯೂ ಇದೇ. ಎಷ್ಟು ಹುಡುಕಿದರೂ ಎರಡನ್ನು ಬೇರೆ ಮಾಡಲು ಅವಳಿಗೆ ಆಗಲಿಲ್ಲ.

"ನಾನಿನ್ನೂ ಕ್ಷಮಿಸಿಲ್ಲ," ಅಂದಳು.

"ಗೊತ್ತು."

"ಯಾವಾಗ ಕ್ಷಮಿಸ್ತೀನೋ ನನಗೇ ಗೊತ್ತಿಲ್ಲ."

"ಕೇಳಲ್ಲ."

"ಕ್ಷಮಿಸದೇನೇ ಪ್ರೀತಿಸೋ ಹಾಗಾಗಿದೆ, ನನ್ನ ಹಣೆಬರಹ!" ಎಂದು ಅವಳು ಬಿಕ್ಕಿದಳು. ಕರ್ಚೀಫು ಸಿಗಲಿಲ್ಲ. ಡಾಕ್ಟರ ಬಿಳಿ ಕೋಟಿನ ತೋಳನ್ನೇ ಎಳೆದು ಕಣ್ಣೊರೆಸಿಕೊಂಡಳು. "ಥೂ, ಎಷ್ಟು ಸ್ಯಾನಿಟೈಜರ್ ವಾಸನೆ."

ಡಾಕ್ಟರು ಅಲುಗಾಡದೆ ನಿಂತರು, ಅಲುಗಾಡಿದರೆ ಅವಳು ತೋಳು ಬಿಟ್ಟಾಳೆಂಬ ಭಯದಲ್ಲಿ.

"ಊರು ಬಿಡೋ ಮಾತು ಬಿಟ್ಟು, ಅಮ್ಮನ ಹತ್ರ ಬಂದು ತಪ್ಪಾಯ್ತು ಅನ್ಬೇಕು," ಅಂದಳು ಅವಳು. "ಅವರು ಬೈತಾರೆ. ಬಾಯ್ಮುಚ್ಕೊಂಡು ಬೈಸ್ಕೊಳ್ಬೇಕು."

"ಯಾವಾಗ ಬರ್ಲಿ?"

"ಈಗ್ಲೇ. ನಾಳೆ ಅಂದ್ರೆ ಮರೆತೀರಿ."

ಆ ಮಾತು ಚುಚ್ಚಿತು. ಚುಚ್ಚಲೆಂದೇ ಅವಳು ಆಡಿದ್ದು. ಡಾಕ್ಟರು ಅದನ್ನು ನುಂಗಿಕೊಂಡರು, ಆದರೆ ಅವಳು ಹಿಡಿದ ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳೂ ಬಿಡಲಿಲ್ಲ. ಇಬ್ಬರೂ ಮನೆಯ ಕಡೆ ಹೊರಟರು, ಅಮ್ಮನ ಎದುರು ಮೊದಲು ಬಾಯಿ ತೆರೆಯಬೇಕಾದವರು ಯಾರು ಎಂದು ದಾರಿಯುದ್ದಕ್ಕೂ ಜಗಳವಾಡುತ್ತ.